ಗಾಲ್ಫ್ ಕಾರ್ಟ್ ಮತ್ತು ಋತುವಿಗೆ ತಕ್ಕ ಎಚ್ಚರ: ಫ್ಲಾರಿಡಾದ ಕನ್ನಡ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯ ಫ್ಲಾರಿಡಾದ ಬಡಾವಣೆಗಳಲ್ಲಿ ಗಾಲ್ಫ್ ಆಡದವರ ಮನೆಯಲ್ಲೂ ಗಾಲ್ಫ್ ಕಾರ್ಟ್ ಇರುತ್ತದೆ. ಹಾಲು ತರೋದಕ್ಕೆ, ಈಜುಕೊಳಕ್ಕೆ, ಸ್ನೇಹಿತರ ಮನೆಗೆ, ಎಲ್ಲದಕ್ಕೂ ಅದೇ. ನಾನು ನಮ್ಮ ಬಡಾವಣೆಯ ಸುರಕ್ಷತಾ ಸಮಿತಿಯಲ್ಲಿ ಇದ್ದೇನೆ. ಹಾಗಾಗಿ ಕನ್ನಡ ಕೂಟದ ಊಟದ ಹೊತ್ತಿನಲ್ಲಿ, ವಾಟ್ಸಾಪ್‌ನಲ್ಲಿ, ಸಂಜೆ ವಾಕಿಂಗ್‌ನಲ್ಲಿ ಜನ ನನ್ನನ್ನು ಹಿಡಿದು ಕೇಳುತ್ತಾರೆ. ಊರಿಂದ ಅಪ್ಪ ಅಮ್ಮ ಬರುವ ತಿಂಗಳುಗಳಲ್ಲಂತೂ ಪ್ರಶ್ನೆಗಳು ಜಾಸ್ತಿ. ಅವನ್ನೆಲ್ಲ ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಕಾನೂನಿನ ವಿಷಯ ಬಂದಲ್ಲೆಲ್ಲ ಅದು ಫ್ಲಾರಿಡಾ ರಾಜ್ಯದ ಕಾನೂನು. ಬೇರೆ ರಾಜ್ಯದಲ್ಲಿ ಇರುವವರು ತಮ್ಮ ಊರಿನ ನಿಯಮ ನೋಡಿಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ಗಾಲ್ಫ್ ಕಾರ್ಟ್ ಅಂದ್ರೆ ಹಂಪಿಯಲ್ಲಿ ಓಡಾಡೋ ಬ್ಯಾಟರಿ ಗಾಡಿ ಥರಾನೇ ಅಲ್ವಾ?

ಹೌದು, ಅದೇ ಜಾತಿ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಕರೆದೊಯ್ಯುವ ಗಾಡಿಯನ್ನೋ ಮೈಸೂರು ಮೃಗಾಲಯದ ಬ್ಯಾಟರಿ ಗಾಡಿಯನ್ನೋ ಹತ್ತಿದವರಿಗೆ ಇದು ಹೊಸದಲ್ಲ. ಆದರೆ ಅಲ್ಲಿ ಕಲಿತ ಚಾಲಕರು ದಿನಾ ಒಂದೇ ದಾರಿಯಲ್ಲಿ ಓಡಿಸುತ್ತಾರೆ. ಇಲ್ಲಿ ಮನೆಮಂದಿಯೇ ಓಡಿಸುತ್ತಾರೆ, ಅದೂ ಎಷ್ಟೋ ಕಡೆ ಕಾರುಗಳ ಪಕ್ಕದಲ್ಲೇ. ದಿ ವಿಲೇಜಸ್ ಅನ್ನುವ ನಿವೃತ್ತರ ಊರಿನಲ್ಲಿ ಕಾರ್ಟ್ ಓಡುವ ದಾರಿಯೇ 100 ಮೈಲಿಗೂ ಹೆಚ್ಚಿದೆ. ದೊಡ್ಡ ರಸ್ತೆಯ ಕೆಳಗೆ ಕಾರ್ಟ್‌ಗೆ ಅಂತಲೇ ಸುರಂಗಗಳೂ ಇವೆ. ಎಲ್ಲ ಬಡಾವಣೆಯಲ್ಲೂ ಅಂಥ ಅನುಕೂಲ ಇರುವುದಿಲ್ಲ.

ಅಷ್ಟು ನಿಧಾನ ಹೋಗೋ ಗಾಡಿ. ಅದರಲ್ಲಿ ಏನಾಗುತ್ತೆ?

ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಉತ್ತರ ಒಂದೇ ಮಾತಿನಲ್ಲಿದೆ: ಗಾಡಿ ಉರುಳುವ ಮೊದಲೇ ಮನುಷ್ಯ ಕೆಳಗೆ ಬೀಳುತ್ತಾನೆ. ಕಾರ್ಟ್‌ಗೆ ಬಾಗಿಲಿಲ್ಲ. ಹೆಚ್ಚಿನವಕ್ಕೆ ಸೀಟ್ ಬೆಲ್ಟೂ ಇಲ್ಲ. ಸೀಟು ನುಣ್ಣಗೆ, ಚಪ್ಪಟೆಯಾಗಿ ಇರುತ್ತದೆ. ಪಕ್ಕದಲ್ಲಿ ಸೊಂಟದ ಎತ್ತರಕ್ಕೂ ಬಾರದ ಒಂದು ಸಣ್ಣ ಹಿಡಿ, ಅಷ್ಟೇ.

ಅಮೆರಿಕದಲ್ಲಿ 1990ರಿಂದ 2006ರವರೆಗಿನ ಆಸ್ಪತ್ರೆ ಲೆಕ್ಕ ಹಿಡಿದು ಒಂದು ಅಧ್ಯಯನ ಮಾಡಿದ್ದರು. ಆ ಅವಧಿಯಲ್ಲಿ ಕಾರ್ಟ್‌ನಿಂದ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದವರು ಸುಮಾರು 1,48,000. ಅತಿ ಹೆಚ್ಚು ಗಾಯ ಆಗಿದ್ದು ಕಾರ್ಟ್‌ನಿಂದ ಬಿದ್ದು. ಗಾಯಗೊಂಡವರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಮಂದಿ 16 ತುಂಬದ ಮಕ್ಕಳು.

ಬೀಳುವುದು ಹೇಗೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನಮ್ಮತ್ತೆ ಊರಿಂದ ಬಂದ ಮೊದಲ ವಾರ. ಅಂಗಡಿಯಿಂದ ಮನೆಗೆ ಬರುತ್ತಿದ್ದೆವು. ನನ್ನ ಗಂಡ ಓಡಿಸುತ್ತಿದ್ದರು, ಅತ್ತೆ ಅವರ ಪಕ್ಕ, ನಾನು ಹಿಂದೆ. ಅತ್ತೆ ಮೊಸರಿನ ದೊಡ್ಡ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದಿದ್ದರು, ಚೆಲ್ಲಬಾರದು ಅಂತ. ನಮ್ಮ ಬೀದಿಗೆ ಎಡಕ್ಕೆ ತಿರುಗಬೇಕು. ಜೋರೇನೂ ಇರಲಿಲ್ಲ, ಸೈಕಲ್ ಜೋರಾಗಿ ತುಳಿದಷ್ಟು. ತಿರುಗಿದ ಕ್ಷಣಕ್ಕೆ ಅತ್ತೆ ಸೀಟಿನ ಮೇಲೆ ಸರ್ರನೆ ಬಲಕ್ಕೆ ಜಾರಿದರು. ಆ ಸಣ್ಣ ಹಿಡಿಗೆ ಸೊಂಟ ಬಡಿದು ಅಲ್ಲೇ ನಿಂತರು. ಡಬ್ಬಿ ರಸ್ತೆಗೆ ಹಾರಿ ಒಡೆಯಿತು. ಕರಿ ಟಾರಿನ ಮೇಲೆ ಬಿಳಿ ಮೊಸರು ಚೆಲ್ಲಿದ್ದು ಇನ್ನೂ ಕಣ್ಣ ಮುಂದಿದೆ. ಅತ್ತೆಗೆ ಸೊಂಟದ ಹತ್ತಿರ ಅಂಗೈ ಅಗಲ ನೀಲಿಗಟ್ಟಿತ್ತು. ಇನ್ನೊಂದು ಗೇಣು ಜಾರಿದ್ದರೆ ಅವರೇ ಆ ಟಾರಿನ ಮೇಲೆ ಇರುತ್ತಿದ್ದರು.

ಇಲ್ಲಿ ಸ್ಟಿಯರಿಂಗ್ ಎಡಗಡೆ. ಪಕ್ಕದಲ್ಲಿ ಕೂತವರು ಬಲ ಅಂಚಿನಲ್ಲಿ. ಎಡಕ್ಕೆ ತಿರುಗಿದಾಗ ಮೈ ಬಲಕ್ಕೆ, ಅಂದರೆ ಹೊರಕ್ಕೆ ಎಳೆಯುತ್ತದೆ. ಓಡಿಸುವವರಿಗೆ ಹಿಡಿಯಲು ಸ್ಟಿಯರಿಂಗ್ ಇದೆ, ತಿರುವು ಬರುವುದೂ ಗೊತ್ತಿರುತ್ತದೆ. ಪಕ್ಕದವರಿಗೆ ಎರಡೂ ಇಲ್ಲ. ಹಾಗಾಗಿ ಅವತ್ತಿನಿಂದ ನಮ್ಮ ಮನೆಯಲ್ಲಿ ಮೂರು ಪದ್ಧತಿ. ಸಾಮಾನು ಯಾರ ತೊಡೆಯ ಮೇಲೂ ಇಲ್ಲ, ಹಿಂದಿನ ಬುಟ್ಟಿಗೆ. ಎಲ್ಲರ ಕೈಯೂ ಹಿಡಿಯ ಮೇಲೆ. ತಿರುಗುವ ಮೊದಲು ಓಡಿಸುವವರು ಬಾಯಿಬಿಟ್ಟು "ಎಡಕ್ಕೆ" ಅಂತ ಹೇಳಬೇಕು. ಮೊದಲ ಎರಡು ದಿನ ಮುಜುಗರ ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಓಡಿಸೋಕೆ ಲೈಸೆನ್ಸ್ ಬೇಕಾ? ಊರಿಂದ ಬಂದ ನಮ್ಮಪ್ಪ ಓಡಿಸಬಹುದಾ?

2023ರ ಜುಲೈ 1ರಿಂದ ಫ್ಲಾರಿಡಾದಲ್ಲಿ ನಿಯಮ ಹೀಗಿದೆ: ಸಾರ್ವಜನಿಕ ರಸ್ತೆಯಲ್ಲಿ ಕಾರ್ಟ್ ಓಡಿಸುವವರು 18 ದಾಟಿದ್ದರೆ ಸರ್ಕಾರ ಕೊಟ್ಟ, ಫೋಟೋ ಇರುವ, ಚಾಲ್ತಿಯಲ್ಲಿರುವ ಗುರುತಿನ ಚೀಟಿ ಜೊತೆಗಿರಬೇಕು. ಕಾನೂನಿನ ಮಟ್ಟಿಗೆ ಅಷ್ಟು ಸಾಕು. ಬಡಾವಣೆಯ ಸಂಘದ ನಿಯಮ ಇದಕ್ಕಿಂತ ಬಿಗಿ ಇರಬಹುದು, ವಿಮೆಯ ಷರತ್ತೂ ಬೇರೆ ಇರಬಹುದು. ಎರಡನ್ನೂ ಓದಿದ ಮೇಲೇ ಅಪ್ಪನ ಕೈಗೆ ಕೀಲಿ ಕೊಡಿ.

ಇನ್ನೊಂದು ಮಾತು. ಊರಲ್ಲಿ ನಲವತ್ತು ವರ್ಷ ಸ್ಕೂಟರ್ ಓಡಿಸಿದವರ ಕಣ್ಣು ಮೊದಲು ಬಲಕ್ಕೇ ಹೋಗುತ್ತದೆ. ಇಲ್ಲಿ ರಸ್ತೆಗೆ ಇಳಿಯುವಾಗ ಮೊದಲು ಎಡದಿಂದ ಗಾಡಿ ಬರುತ್ತದೆ. ಒಂದು ವಾರ ಪಕ್ಕದಲ್ಲಿ ಕೂತು ನೋಡಲಿ. ಆಮೇಲೆ ಬೆಳಗಿನ ಹೊತ್ತು, ಖಾಲಿ ಬೀದಿಯಲ್ಲಿ, ನೀವು ಪಕ್ಕದಲ್ಲಿದ್ದು ಓಡಿಸಲಿ.

ಮಗನಿಗೆ ಹದಿಮೂರು. ಅವನ ಫ್ರೆಂಡ್ಸ್ ಎಲ್ಲ ಓಡಿಸ್ತಾರೆ ಅಂತಾನೆ, ಬಿಡಬಹುದಾ?

ಬಿಡಬೇಡಿ. ಮೊದಲು 14 ತುಂಬಿದವರು ಓಡಿಸಬಹುದಿತ್ತು. ಈಗ 18 ತುಂಬದವರ ಹತ್ತಿರ ಲರ್ನರ್ ಲೈಸೆನ್ಸ್ ಅಥವಾ ಪೂರ್ತಿ ಲೈಸೆನ್ಸ್ ಇರಲೇಬೇಕು. ಲರ್ನರ್ ಸಿಗುವುದೇ 15ಕ್ಕೆ. ಜಾರ್ಜಿಯಾದ ಪೀಚ್‌ಟ್ರೀ ಸಿಟಿಯಂಥ ಊರಿನಲ್ಲಿ ಬೇರೆ ಲೆಕ್ಕ ಇದೆ. ಅಲ್ಲಿನ ನೆಂಟರ ಮಕ್ಕಳು ಓಡಿಸಿದ್ದನ್ನು ನೋಡಿ ಬಂದು ಇಲ್ಲಿ ಹಟ ಮಾಡುವುದುಂಟು. ಮಕ್ಕಳು ಓಡಿಸಿದಾಗ ಸೀಟಿಗೆ ಮೀರಿ ಜನ ಹತ್ತುತ್ತಾರೆ, ಒಬ್ಬರು ಹಿಂದೆ ನೇತಾಡುತ್ತಾರೆ, ಸುಮ್ನೆ ಎಡಬಲ ಹೊರಳಾಡಿಸುತ್ತಾರೆ. ಬೀಳುವುದು ಅಲ್ಲೇ.

ಮುಖ್ಯ ರಸ್ತೆಗೂ ತಗೊಂಡು ಹೋಗಬಹುದಾ?

ಊರು ಅಥವಾ ಕೌಂಟಿ ಯಾವ ರಸ್ತೆಯನ್ನು ಕಾರ್ಟ್‌ಗೆ ಅಂತ ಗುರುತಿಸಿದೆಯೋ ಅಲ್ಲಿ ಮಾತ್ರ. ಅದೂ ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮೊದಲು. ಸ್ಥಳೀಯ ಆಡಳಿತ ರಾತ್ರಿಗೆ ಒಪ್ಪಿಗೆ ಕೊಟ್ಟಿದ್ದರೆ ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್, ಮುಂದಿನ ಗಾಜು ಇರಲೇಬೇಕು. ಹಗಲಲ್ಲಿ ಓಡಿಸುವುದಕ್ಕೂ ಒಳ್ಳೆ ಬ್ರೇಕ್, ಸರಿಯಾದ ಸ್ಟಿಯರಿಂಗ್, ಸವೆಯದ ಟೈರು, ಹಿಂದೆ ನೋಡುವ ಕನ್ನಡಿ, ಹಿಂದೆ ಮುಂದೆ ಕೆಂಪು ರಿಫ್ಲೆಕ್ಟರ್ ಬೇಕು.

ಎಲ್‌ಎಸ್‌ವಿ ಅಂತಾರಲ್ಲ, ಅದೂ ಇದೂ ಒಂದೇನಾ?

ಎಲ್‌ಎಸ್‌ವಿ ಅಂದರೆ ಲೋ ಸ್ಪೀಡ್ ವೆಹಿಕಲ್, ಕಡಿಮೆ ವೇಗದ ಗಾಡಿ. ನೋಡೋಕೆ ಒಂದೇ, ಕಾನೂನಿನ ಕಣ್ಣಿಗೆ ಬೇರೆ. ಗಾಲ್ಫ್ ಕಾರ್ಟ್ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್ ದಾಟುವಂತಿಲ್ಲ. ಎಲ್‌ಎಸ್‌ವಿ ಅದಕ್ಕಿಂತ ಜೋರು, 25 ಮೈಲಿವರೆಗೆ ಹೋಗುತ್ತದೆ. ವೇಗದ ಮಿತಿ 35 ಮೈಲಿ ಅಥವಾ ಅದಕ್ಕಿಂತ ಕಡಿಮೆ ಇರುವ ರಸ್ತೆಗೆ ಅದು ಇಳಿಯಬಹುದು. ಬದಲಿಗೆ ನಂಬರ್ ಪ್ಲೇಟು, ವಿಮೆ, ಸೀಟ್ ಬೆಲ್ಟು, ಎಲ್ಲ ದೀಪಗಳು ಬೇಕು. ಓಡಿಸುವವರಿಗೆ ಡ್ರೈವಿಂಗ್ ಲೈಸೆನ್ಸೂ ಬೇಕು. ಬೆಲ್ಟ್ ಇದೆ ಅನ್ನುವ ಒಂದೇ ಕಾರಣಕ್ಕೆ, ಮನೆಯಲ್ಲಿ ವಯಸ್ಸಾದವರಿದ್ದರೆ ನಾನು ಎಲ್‌ಎಸ್‌ವಿಯನ್ನೇ ತಗೊಳ್ಳಿ ಅನ್ನುತ್ತೇನೆ.

## ಹತ್ತೋದು, ಕೂರೋದು, ಇಳಿಯೋದು

ಪಾಪುನ ತೊಡೆ ಮೇಲೆ ಕೂರಿಸ್ಕೊಂಡ್ರೆ ಆಗಲ್ವಾ?

ಆಗುವುದಿಲ್ಲ. ನಿಮ್ಮನ್ನು ನೀವೇ ಹಿಡಿದುಕೊಳ್ಳಲು ಕೈ ಬೇಕು, ಮಗುವನ್ನು ಹಿಡಿಯಲೂ ಕೈ ಬೇಕು. ತಿರುವಿನಲ್ಲಿ ಜಾರಿದರೆ ಮಗು ಮೊದಲು ಬೀಳುತ್ತದೆ, ಅದರ ಮೇಲೆ ನೀವು. ಕಾರಿನ ಬೇಬಿ ಸೀಟನ್ನು ಹಗ್ಗ ಕಟ್ಟಿ ಕೂರಿಸುವುದೂ ಬೇಡ. ಅದನ್ನು ಬಿಗಿಯಾಗಿ ಹಿಡಿಯುವ ವ್ಯವಸ್ಥೆ ಕಾರ್ಟ್‌ನ ಬೆಂಚಿನಲ್ಲಿ ಇಲ್ಲ. ಕಾಲು ನೆಲಕ್ಕೆ ಪೂರ್ತಿ ಊರದ ಮಗುವನ್ನು ಕಾರ್ಟ್‌ನಲ್ಲಿ ಕರೆದುಕೊಂಡು ಹೋಗಬೇಡಿ. ಪುಟಾಣಿಗೆ ಕಾರೇ ಸರಿ. ಹತ್ತಿರ ಇದ್ದರೆ ತಳ್ಳುಗಾಡಿ.

ಹಿಂದಕ್ಕೆ ಮುಖ ಮಾಡಿರೋ ಸೀಟಲ್ಲಿ ಮಕ್ಕಳು ಕೂರೋಕೆ ಇಷ್ಟ ಪಡ್ತಾರೆ. ಪರವಾಗಿಲ್ವಾ?

ಅತಿ ಎಚ್ಚರ ಬೇಕಾದ ಜಾಗ ಅದೇ. ಗಾಡಿ ದಡಕ್ಕನೆ ಮುಂದಕ್ಕೆ ಹೊರಟರೆ ಹಿಂದೆ ಕೂತವರು ರಸ್ತೆಗೆ ಮುಗ್ಗರಿಸುತ್ತಾರೆ. ಓಡಿಸುವವರಿಗೆ ಅವರು ಕಾಣುವುದಿಲ್ಲ, ಬಿದ್ದದ್ದೂ ತಕ್ಷಣ ಗೊತ್ತಾಗುವುದಿಲ್ಲ. ಆ ಸೀಟಿಗೆ ಬೆಲ್ಟ್ ಹಾಕಿಸಿ. ದೊಡ್ಡ ಮಕ್ಕಳೇ ಕೂರಲಿ. ಹೊರಡುವ ಮುನ್ನ ಹಿಂದೆ ತಿರುಗಿ ನೋಡಿ, "ಹಿಡ್ಕೊಂಡ್ರಾ?" ಅಂತ ಕೇಳಿ, ಉತ್ತರ ಬಂದ ಮೇಲೆ ಪೆಡಲ್ ಒತ್ತಿ.

ಸೀರೆ ಉಟ್ಟವರು ಕೂರಬಹುದಾ?

ಧಾರಾಳವಾಗಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಚನ್ನು ತೊಡೆಯ ಕೆಳಗೆ ಒತ್ತಿ ಕೂರಿ. ದುಪಟ್ಟಾ ಆದರೆ ಮುಂದೆ ಗಂಟು ಹಾಕಿ. ಪಕ್ಕಕ್ಕೆ ಇಳಿಬಿದ್ದ ಬಟ್ಟೆ ಗಾಳಿಗೆ ಹಾರಿ ಹಿಂದಿನ ಚಕ್ರದ ಕಡೆಗೇ ಹೋಗುತ್ತದೆ. ಊರಲ್ಲಿ ಬೈಕಿನ ಹಿಂದೆ ಕೂತಾಗ ಇಡುವ ಎಚ್ಚರವೇ ಇಲ್ಲಿಯೂ ಸಾಕು. ಇಳಿಯುವಾಗ ಗಾಡಿ ಪೂರ್ತಿ ನಿಂತ ಮೇಲೆ, ನೆರಿಗೆ ಎತ್ತಿ ಹಿಡಿದು, ಒಂದು ಕೈಯಲ್ಲಿ ಕಂಬ ಹಿಡಿದು ಇಳಿಯಿರಿ.

ನಿಲ್ಲಿಸಿದ ಗಾಡಿ ತಾನಾಗೇ ಹೊರಟುಹೋಯ್ತು ಅಂತಾರೆ. ಅದು ಹೇಗೆ?

ಎಷ್ಟೋ ಕಾರ್ಟ್‌ಗಳಲ್ಲಿ ಪಾರ್ಕಿಂಗ್ ಬ್ರೇಕ್ ಅನ್ನುವುದು ಬ್ರೇಕ್ ಪೆಡಲಿನ ಮೇಲ್ಭಾಗವೇ. ಅದನ್ನು ಒತ್ತಿದರೆ ಲಾಕ್ ಆಗುತ್ತದೆ. ಆಕ್ಸಿಲರೇಟರ್ ಮುಟ್ಟಿದರೆ ಲಾಕ್ ತಾನಾಗಿ ಬಿಡುತ್ತದೆ. ಬ್ಯಾಟರಿ ಗಾಡಿಗೆ ನಿಂತಾಗ ಸದ್ದೇ ಇಲ್ಲ, ಆನ್ ಇದೆಯೋ ಆಫ್ ಇದೆಯೋ ತಿಳಿಯುವುದಿಲ್ಲ. ಕೀಲಿ ಬಿಟ್ಟು ಇಳಿದಿರುತ್ತೀರಿ. ಮಗು ಸೀಟಿಗೆ ಹತ್ತುತ್ತದೆ ಅಥವಾ ಪಕ್ಕದವರು ಸರಿದು ಇಳಿಯಲು ಹೋಗಿ ಪೆಡಲ್ ತುಳಿಯುತ್ತಾರೆ. ಗಾಡಿ ಹೊರಟೇಬಿಡುತ್ತದೆ. ಇಳಿಜಾರಿನಲ್ಲಾದರೆ ಕೀಲಿ ಇಲ್ಲದಿದ್ದರೂ ಉರುಳುತ್ತದೆ. ಇಳಿಯುವಾಗ ನ್ಯೂಟ್ರಲ್, ಬ್ರೇಕ್ ಲಾಕ್, ಕೀಲಿ ಕೈಗೆ. ಇದನ್ನು ಒಂದು ನಿಮಿಷಕ್ಕೆ ಇಳಿದರೂ ಮಾಡಿ.

ನಮ್ಮ ಅಪ್ಪ ಅಮ್ಮ ಕಾರ್ಟ್ ಹತ್ತಲ್ಲ, ಬರೀ ವಾಕಿಂಗ್ ಹೋಗ್ತಾರೆ. ಅವರಿಗೇನು ಹೇಳಲಿ?

ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಎಡಬದಿಯಲ್ಲಿ ನಡೆಯಲಿ. ಇಲ್ಲಿ ಗಾಡಿ ಬಲಬದಿಯಲ್ಲಿ ಹೋಗುವುದರಿಂದ ಎದುರಿಗೆ ಬರುವುದು ಕಾಣುತ್ತದೆ. ಬ್ಯಾಟರಿ ಕಾರ್ಟ್ ಹಿಂದಿನಿಂದ ಬಂದರೆ ಕಿವಿಗೆ ಕೇಳುವುದಿಲ್ಲ. ಬೆಳಿಗ್ಗೆ ಐದೂವರೆಗೆ ಹೊರಡುವ ಅಭ್ಯಾಸ ಇರುವವರಿಗೆ ಹೊಳೆಯುವ ಪಟ್ಟಿಯ ಜಾಕೆಟ್ ಕೊಡಿಸಿ. ಇಬ್ಬರೂ ಒಬ್ಬರ ಹಿಂದೆ ಒಬ್ಬರು ನಡೆಯಲಿ.

## ಮಳೆ, ಗುಡುಗು, ಚಂಡಮಾರುತ

ಗುಡುಗು ಶುರುವಾದಾಗ ಕಾರ್ಟ್ ಒಳಗೇ ಕೂತಿದ್ರೆ ಸಾಕಲ್ವಾ? ಟೈರು ರಬ್ಬರಲ್ವಾ?

ಸಾಕಾಗುವುದಿಲ್ಲ. ಕಾರಿನೊಳಗೆ ನಮ್ಮನ್ನು ಕಾಪಾಡುವುದು ಟೈರಲ್ಲ, ಸುತ್ತಲಿನ ಲೋಹದ ಮೈ. ಸಿಡಿಲು ಆ ಲೋಹದ ಮೇಲೆ ಹರಿದು ನೆಲಕ್ಕೆ ಇಳಿಯುತ್ತದೆ. ಕಾರ್ಟ್‌ಗೆ ಅಂಥ ಮೈ ಇಲ್ಲ. ನಾಲ್ಕು ಕಂಬ, ಪ್ಲಾಸ್ಟಿಕ್ ಚಾವಣಿ, ಅಷ್ಟೇ. ಅದರಲ್ಲಿ ಕೂತರೂ ಬಯಲಲ್ಲಿ ನಿಂತಂತೆಯೇ. ಮಳೆಯ ಪ್ಲಾಸ್ಟಿಕ್ ಪರದೆ ಇಳಿಬಿಟ್ಟರೂ ಅಷ್ಟೇ.

ಫ್ಲಾರಿಡಾ ಅಮೆರಿಕದಲ್ಲೇ ಸಿಡಿಲು ಅತಿ ಜಾಸ್ತಿ ಬೀಳುವ ರಾಜ್ಯಗಳಲ್ಲಿ ಒಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಎರಡು ಮೂರು ಗಂಟೆಗೆಲ್ಲ ಮೋಡ ಕಟ್ಟುತ್ತದೆ. ನಮ್ಮ ಊರಿನ ಏಪ್ರಿಲ್ ಮೇ ತಿಂಗಳ ಸಂಜೆ ಮಳೆ ಇದೆಯಲ್ಲ, ಅದು ದಿನಾ ಬಂದಂತೆ ಅಂದುಕೊಳ್ಳಿ. ಗುಡುಗು ಕಿವಿಗೆ ಬಿದ್ದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ ಅಂತ ಅರ್ಥ. ತಲೆಯ ಮೇಲೆ ಬಿಸಿಲಿದ್ದರೂ ಸರಿ. ಹತ್ತಿರದ ಗಟ್ಟಿ ಕಟ್ಟಡದೊಳಗೆ ಹೋಗಿ. ಮರದ ಕೆಳಗೆ, ಬಯಲು ಮಂಟಪದೊಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯಿರಿ. ಮಳೆಗಾಲದಲ್ಲಿ ಅಂಗಡಿ ಕೆಲಸವನ್ನೆಲ್ಲ ಬೆಳಿಗ್ಗೆಯೇ ಮುಗಿಸುವುದು ನಮ್ಮ ಮನೆಯ ಪದ್ಧತಿ.

ಮಳೆ ನಿಂತ ಮೇಲೆ ಬ್ರೇಕ್ ಹಿಡಿದ್ರೆ ಹಿಂದಿನ ಭಾಗ ಜಾರುತ್ತೆ. ಗಾಡಿ ಕೆಟ್ಟಿದೆಯಾ?

ಕೆಟ್ಟಿಲ್ಲದೆ ಇರಬಹುದು. ಹೆಚ್ಚಿನ ಕಾರ್ಟ್‌ಗಳಿಗೆ ಬ್ರೇಕ್ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಒದ್ದೆ ನೆಲದಲ್ಲಿ, ಅದರಲ್ಲೂ ಇಳಿಜಾರಿನಲ್ಲಿ ಜೋರಾಗಿ ಒತ್ತಿದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಫ್ಲಾರಿಡಾ ಚಪ್ಪಟೆ ನೆಲ ಅಂತಾರೆ. ಆದರೆ ಸುರಂಗಕ್ಕೆ ಇಳಿಯುವ ದಾರಿ, ಸೇತುವೆ, ಕೆರೆಯ ಏರಿ ಇದ್ದೇ ಇವೆ. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ. ನೀರು ನಿಂತ ಕಡೆ ನುಗ್ಗಿಸಬೇಡಿ. ಒದ್ದೆಯಾದ ಬ್ರೇಕ್ ಸ್ವಲ್ಪ ಹೊತ್ತು ಸರಿಯಾಗಿ ಹಿಡಿಯುವುದಿಲ್ಲ.

ಚಂಡಮಾರುತ ಬರುತ್ತೆ ಅಂದಾಗ ಕಾರ್ಟ್‌ನ ಎಲ್ಲಿಡಬೇಕು?

ಇಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಒಳನಾಡಿನಲ್ಲಿ ಇದ್ದರೆ ಗ್ಯಾರೇಜಿನೊಳಗೆ, ಪರದೆ ಬಿಚ್ಚಿ, ಚಾರ್ಜರ್ ಪ್ಲಗ್ ಕಿತ್ತು ಇಡಿ. ಗಾಳಿಗೆ ಮೊದಲೇ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಕರಾವಳಿಯಲ್ಲಿ, ಸಮುದ್ರದ ನೀರು ಏರುವ ಜಾಗದಲ್ಲಿ ಇದ್ದರೆ ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಬಿಡಲೇಬೇಡಿ. ಮುಂಚೆಯೇ ಎತ್ತರದ ಜಾಗಕ್ಕೆ ಸಾಗಿಸಿ.

ಗಾಳಿ ನಿಂತ ಮೇಲೆ ಬಡಾವಣೆ ನೋಡಿಕೊಂಡು ಬರೋಣ ಅಂತ ಕಾರ್ಟ್ ತೆಗೆಯುವುದು ಬೇಡ. ಬಿದ್ದ ಕೊಂಬೆಯ ಅಡಿಯಲ್ಲಿ, ನಿಂತ ನೀರಿನಲ್ಲಿ ಕರೆಂಟಿನ ತಂತಿ ಇರಬಹುದು. ಕೆಲಸದವರು ಬಂದು ದಾರಿ ತೆರವು ಮಾಡುವವರೆಗೆ ಮನೆಯಲ್ಲೇ ಇರಿ.

ಉಪ್ಪುನೀರು ಹೊಕ್ಕ ಕಾರ್ಟ್ ಒಣಗಿದ ಮೇಲೆ ಓಡಿಸಬಹುದಾ?

ಓಡಿಸಬೇಡಿ, ಚಾರ್ಜಿಗೂ ಹಾಕಬೇಡಿ. ಲಿಥಿಯಂ ಬ್ಯಾಟರಿ ಇದ್ದರಂತೂ ಅದನ್ನು ಮನೆಯಿಂದ ದೂರ ಇಡಿಸಿ. ಉಪ್ಪುನೀರು ಕರೆಂಟನ್ನು ಚೆನ್ನಾಗಿ ಹರಿಸುತ್ತದೆ. ಬ್ಯಾಟರಿಯೊಳಗೆ ಹೊಕ್ಕರೆ ಶಾರ್ಟ್ ಆಗುತ್ತದೆ. ನೀರು ಒಣಗಿದ ಮೇಲೂ ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಅವತ್ತೇ ಹೊತ್ತಿಕೊಳ್ಳದ ಬ್ಯಾಟರಿ ಕೆಲವು ದಿನ, ವಾರ ಬಿಟ್ಟು ಹೊತ್ತಿಕೊಳ್ಳಬಹುದು. 2022ರ ಇಯಾನ್ ಚಂಡಮಾರುತದ ನಂತರ ಫ್ಲಾರಿಡಾದಲ್ಲಿ ನೀರಿಗೆ ಸಿಕ್ಕ ಎಲೆಕ್ಟ್ರಿಕ್ ಕಾರುಗಳು ಹೀಗೇ ಉರಿದವು. 2023ರಲ್ಲಿ ಇಡಾಲಿಯಾ ಬಂದಾಗ ಅಗ್ನಿಶಾಮಕದವರು ಗಾಲ್ಫ್ ಕಾರ್ಟ್, ಎಲೆಕ್ಟ್ರಿಕ್ ಸ್ಕೂಟರ್‌ಗಳ ಹೆಸರನ್ನೂ ಸೇರಿಸಿ, ಉಪ್ಪುನೀರು ತಾಗಿದ್ದರೆ ಗ್ಯಾರೇಜಿನಿಂದ ಹೊರಗೆ ಹಾಕಿ ಅಂತ ಎಚ್ಚರಿಸಿದ್ದರು. ಮನೆ, ಮರ, ಬೇರೆ ಗಾಡಿಗಳಿಂದ ಕನಿಷ್ಠ 50 ಅಡಿ ದೂರ ಇರಲಿ. ಹೊಗೆ, ಬುಸುಗುಡುವ ಸದ್ದು, ವಾಸನೆ ಬಂದರೆ ಹತ್ತಿರ ಹೋಗದೆ 911ಕ್ಕೆ ಕರೆ ಮಾಡಿ.

## ಹಬ್ಬ ಮತ್ತು ಚಳಿಗಾಲ

ಆಯುಧಪೂಜೆಗೆ ಕಾರ್ಟ್‌ಗೂ ಪೂಜೆ ಮಾಡ್ತೀವಿ. ಅದರಲ್ಲೂ ಎಚ್ಚರ ಬೇಕಾ?

ಬೇಕು, ಎರಡು ಕಡೆ. ಮೊದಲನೆಯದು ನಿಂಬೆಹಣ್ಣು. ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಯಾರೋ ಬಗ್ಗಿರುತ್ತಾರೆ. ಅದೇ ಹೊತ್ತಿಗೆ ಮಗು ಸೀಟಿನಲ್ಲಿ ಕೂತು ಪೆಡಲ್ ಆಡಿಸುತ್ತಿರುತ್ತದೆ. ನಮ್ಮ ಮನೆಯಲ್ಲೇ ಒಂದು ವರ್ಷ ಹೀಗಾಗಿ ಗಾಡಿ ಒಂದಡಿ ಮುಂದಕ್ಕೆ ಬಂತು. ನನ್ನ ಗಂಡನ ಬೆರಳು ಚಕ್ರದ ಪಕ್ಕದಲ್ಲೇ ಇತ್ತು. ಈಗ ಪೂಜೆ ಮುಗಿಯುವವರೆಗೆ ಕೀಲಿ ದೇವರ ತಟ್ಟೆಯಲ್ಲಿ, ಸೀಟಿನಲ್ಲಿ ಯಾರೂ ಇಲ್ಲ. ನಿಂಬೆಹಣ್ಣು ಇಟ್ಟವರು ಎದ್ದು ಪಕ್ಕಕ್ಕೆ ಬಂದ ಮೇಲೆ ಒಬ್ಬರೇ ಹತ್ತಿ ಓಡಿಸುತ್ತಾರೆ.

ಎರಡನೆಯದು ಬೆಂಕಿ. ಮಂಗಳಾರತಿ, ಊದುಬತ್ತಿ ಎಲ್ಲ ಗ್ಯಾರೇಜಿನ ಹೊರಗೆ, ಚಾರ್ಜರ್ ತೆಗೆದ ಮೇಲೆ. ದೀಪಾವಳಿಗೆ ಗ್ಯಾರೇಜಿನ ಬಾಗಿಲಲ್ಲಿ ಹಣತೆ ಇಡುವವರೂ ಇದನ್ನು ನೆನಪಿಡಿ. ಮಾಮೂಲಿ ಲೆಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದಕ್ಕೆ ಒಂದು ಕಿಡಿ ಸಾಕು. ಬಾಳೆಕಂದು, ಹೂವಿನ ಹಾರ ಕಟ್ಟಿದ್ದರೆ ಕನ್ನಡಿ, ದೀಪ, ರಿಫ್ಲೆಕ್ಟರ್ ಮುಚ್ಚದಂತೆ ನೋಡಿ.

ಹ್ಯಾಲೋವೀನ್ ದಿನ ಮಕ್ಕಳನ್ನ ಕಾರ್ಟ್‌ನಲ್ಲಿ ಮನೆಮನೆಗೆ ಕರ್ಕೊಂಡು ಹೋಗಬಹುದಾ?

ನಡೆಸಿಕೊಂಡೇ ಹೋಗಿ ಅನ್ನುತ್ತೇನೆ. ಅಕ್ಟೋಬರ್ 31ರ ಸಂಜೆ ಬೀದಿ ತುಂಬ ಮಕ್ಕಳು. ಹೆಚ್ಚಿನವರು ಕಪ್ಪು ಬಟ್ಟೆ, ಮುಖವಾಡ ಹಾಕಿರುತ್ತಾರೆ, ಪಕ್ಕಕ್ಕೆ ಕಾಣುವುದಿಲ್ಲ. ಕಾರ್ಟ್ ನಿಲ್ಲುವ ಮೊದಲೇ ಹಿಂದಿನಿಂದ ಜಿಗಿಯುತ್ತಾರೆ. ಹಿಂದೆ ಟ್ರಾಲಿ ಕಟ್ಟಿ ಮಕ್ಕಳನ್ನು ತುಂಬುವುದಂತೂ ಬೇಡವೇ ಬೇಡ. ಕಾರ್ಟ್ ತರಲೇಬೇಕು ಅಂದರೆ ಬೀದಿಯ ಒಂದು ತುದಿಯಲ್ಲಿ ನಿಲ್ಲಿಸಿ ನಡೆಯಿರಿ. ಸುಸ್ತಾದ ಅಜ್ಜಿಗೆ ಕೂರಲು ಜಾಗವಾಯಿತು.

ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಶನಿವಾರ ಆರೂವರೆವರೆಗೆ ಬೆಳಕಿದ್ದದ್ದು ಭಾನುವಾರ ಐದೂವರೆ ದಾಟುತ್ತಿದ್ದಂತೆ ಮುಳುಗುತ್ತದೆ. ಸಂಜೆ ಆಟಕ್ಕೆ ಹೋದವರು ಕತ್ತಲಲ್ಲಿ ವಾಪಸ್ ಬರಬೇಕಾಗುತ್ತದೆ. ಆ ವಾರಕ್ಕೆ ಮೊದಲು ದೀಪಗಳನ್ನೆಲ್ಲ ಒಮ್ಮೆ ಹಾಕಿ ನೋಡಿ.

ಕ್ರಿಸ್‌ಮಸ್ ಮೆರವಣಿಗೆಗೆ ದೀಪದ ಸರ ಹಾಕಬೇಕು. ಬ್ಯಾಟರಿಯಿಂದಲೇ ಎಳೆಯಲಾ?

ಕಾರ್ಟ್‌ನ ಬ್ಯಾಟರಿ ಸಾಲು 36 ಅಥವಾ 48 ವೋಲ್ಟಿನದು. 12 ವೋಲ್ಟಿನ ದೀಪ ನೇರ ಸೇರಿಸಿದರೆ ಸುಟ್ಟುಹೋಗುತ್ತದೆ. ಸಾಲಿನ ಒಂದೇ ಬ್ಯಾಟರಿಯಿಂದ ತಂತಿ ಎಳೆದರೆ ಅದೊಂದು ಬೇಗ ಸೋತು ಇಡೀ ಸಾಲು ಹಾಳಾಗುತ್ತದೆ. ಸುಲಭದ ದಾರಿ ಅಂದರೆ ತನ್ನದೇ ಸಣ್ಣ ಬ್ಯಾಟರಿ ಇರುವ ಎಲ್‌ಇಡಿ ಸರ. ಮಿನುಗುವ ಕೆಂಪು ನೀಲಿ ಬೇಡ, ಪೊಲೀಸ್ ಗಾಡಿ ಅಂತ ಜನ ಗಲಿಬಿಲಿ ಆಗುತ್ತಾರೆ.

ಚಳಿಗೆ ಪರದೆ ಹಾಕಿ ಒಳಗೆ ಗ್ಯಾಸ್ ಹೀಟರ್ ಇಟ್ಕೋಬಹುದಾ?

ಇಲ್ಲಿ ಜನವರಿಯ ಬೆಳಿಗ್ಗೆ ಚಳಿ ಜೋರೇ. ಲೋಟ ಇಡುವ ಜಾಗದಲ್ಲಿ ಕೂರುವ ಪ್ರೊಪೇನ್ ಹೀಟರ್ ಮಾರುತ್ತಾರೆ. ಮುಚ್ಚಿದ ಪರದೆಯೊಳಗೆ ಅದು ಕಾರ್ಬನ್ ಮೊನಾಕ್ಸೈಡ್ ತುಂಬಿಸಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬರುವಷ್ಟರಲ್ಲಿ ಯೋಚಿಸುವ ಶಕ್ತಿಯೇ ಕುಗ್ಗಿರುತ್ತದೆ. ಪರದೆಗೆ ಬೆಂಕಿ ತಗಲುವ ಭಯ ಬೇರೆ. ಸ್ವೆಟರ್, ಶಾಲು, ಕಿವಿಗೆ ಟೋಪಿ ಸಾಕು. ಪರದೆ ಮಂಜುಗಟ್ಟಿ ಪಕ್ಕ ಕಾಣದಂತಾದರೆ ನಿಲ್ಲಿಸಿ ಒರೆಸಿ. ಮಂಜು ಬಿದ್ದ ಬೆಳಿಗ್ಗೆ ಕಾರ್ಟ್ ತೆಗೆಯಲೇಬೇಡಿ. ಬಿಸಿಲೇರುವವರೆಗೆ ಕಾಯಿರಿ.

ಜನವರಿಯಿಂದ ಮಾರ್ಚ್‌ವರೆಗೆ ದಾರಿ ತುಂಬ ಕಾರ್ಟ್. ಯಾಕೆ?

ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬರುವವರು ಆ ತಿಂಗಳುಗಳಲ್ಲಿ ಇಲ್ಲಿರುತ್ತಾರೆ. ಎಷ್ಟೋ ಜನ ಬಾಡಿಗೆ ಕಾರ್ಟ್, ದಾರಿ ಹೊಸದು. ವೃತ್ತಗಳಲ್ಲಿ ತಟ್ಟನೆ ನಿಲ್ಲುತ್ತಾರೆ. ಮುಂದಿನವರಿಂದ ದೂರ ಇಡಿ, ಹಿಂದಿಕ್ಕಲು ಹೋಗಬೇಡಿ.

ವಸಂತಕಾಲದಲ್ಲೂ ಏನಾದರೂ ಇದೆಯಾ?

ಮಾರ್ಚ್‌ನಲ್ಲಿ ಓಕ್ ಮರಗಳು ಹಳೆ ಎಲೆ ಉದುರಿಸುತ್ತವೆ. ಅದರ ಮೇಲೆ ಇಬ್ಬನಿ ಬಿದ್ದರೆ ನೆಲ ಪಾಚಿಯ ಹಾಗೆ ಜಾರುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಕೆರೆಯ ಮೊಸಳೆಗಳು ಜೊತೆ ಹುಡುಕಿಕೊಂಡು ಓಡಾಡುತ್ತವೆ, ಕಾರ್ಟ್ ದಾರಿಯಲ್ಲೂ ಮಲಗಿರುತ್ತವೆ. ದೂರದಲ್ಲೇ ನಿಲ್ಲಿಸಿ, ಅದು ಹೋಗಲಿ. ಫೋಟೋಗೆ ಅಂತ ಇಳಿಯಬೇಡಿ. ಮೊಸಳೆಗೆ ತಿನ್ನಲು ಹಾಕುವುದು ಇಲ್ಲಿ ಕಾನೂನಿಗೆ ವಿರುದ್ಧ.

## ಸ್ವಲ್ಪ ಆಳಕ್ಕೆ

ಬ್ಯಾಟರಿಗೆ ನೀರು ನಾನೇ ಹಾಕಬಹುದಾ?

ಹಾಕಬಹುದು. ಡಿಸ್ಟಿಲ್ಡ್ ವಾಟರ್ ಮಾತ್ರ. ಚಾರ್ಜ್ ಪೂರ್ತಿ ಆದ ಮೇಲೆ ಹಾಕಿ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಬರುತ್ತದೆ. ಒಳಗಿನ ಪ್ಲೇಟು ಬರಿದಾಗಿ ಕಂಡರೆ ಮಾತ್ರ ಮುಳುಗುವಷ್ಟು ಹಾಕಿ ಆಮೇಲೆ ಚಾರ್ಜ್ ಮಾಡಿ. ಇಲ್ಲಿನ ಬೇಸಿಗೆಯಲ್ಲಿ ನೀರು ಬೇಗ ಇಳಿಯುತ್ತದೆ, ತಿಂಗಳಿಗೊಮ್ಮೆ ನೋಡಿ.

ಕೈಗವಸು, ಕನ್ನಡಕ ಹಾಕಿ. ಅದಕ್ಕೂ ಮೊದಲು ಬಳೆ, ಉಂಗುರ, ಕೈಗಡಿಯಾರ, ಕುತ್ತಿಗೆಯ ಸರ ತೆಗೆದಿಡಿ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಅದನ್ನು ರವಿಕೆಯೊಳಗೆ ಸೇರಿಸಿ ಗುಂಡಿ ಹಾಕಿದ ಅಂಗಿ ತೊಡಿ. ಲೋಹದ ಬಳೆ ಎರಡು ಟರ್ಮಿನಲ್‌ಗೆ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಕೈಗೆ ಆಸಿಡ್ ಬಿದ್ದರೆ ಹರಿಯುವ ನೀರಲ್ಲಿ ತೊಳೆಯುತ್ತಲೇ ಇರಿ. ನೆಲಕ್ಕೆ ಬಿದ್ದರೆ ಅಡುಗೆ ಸೋಡ ಉದುರಿಸಿ ತೊಳೆಯಿರಿ.

ಆರು ತಿಂಗಳು ಬೆಂಗಳೂರಿಗೆ ಹೋಗ್ತೀವಿ. ಕಾರ್ಟ್ ಹೇಗೆ ಬಿಡಬೇಕು?

ಬ್ಯಾಟರಿ ಯಾವುದು ಅನ್ನುವುದರ ಮೇಲೆ ಇದೆ. ಲೆಡ್ ಆದರೆ ಪೂರ್ತಿ ಚಾರ್ಜ್ ಮಾಡಿ, ನೀರು ನೋಡಿ, ಸೀಟಿನ ಕೆಳಗೆ ಟೋ ಅಂತ ಬರೆದ ಸ್ವಿಚ್ ಇದ್ದರೆ ಅದನ್ನು ಟೋ ಕಡೆಗೆ ಹಾಕಿ. ನೀರು ನೋಡಲು ನೆರೆಯವರೊಬ್ಬರಿಗೆ ಹೇಳಿ. ಲಿಥಿಯಂ ಆದರೆ ಕಂಪನಿಯ ಕೈಪಿಡಿ ಹೇಳಿದಷ್ಟು ಚಾರ್ಜ್‌ನಲ್ಲಿ ಬಿಡಿ. ನೀವಿಲ್ಲದ ತಿಂಗಳು ಚಂಡಮಾರುತದ ಕಾಲಕ್ಕೆ ಬಂದರೆ, ಕಾರ್ಟ್ ಸಾಗಿಸಲು ಒಬ್ಬರ ಹತ್ತಿರ ಕೀಲಿ ಇರಲಿ.

ಸ್ಪೀಡ್ ಜಾಸ್ತಿ ಮಾಡ್ಕೊಡ್ತೀವಿ ಅಂತಾರೆ. ಮಾಡಿಸಲಾ?

ಬೇಡ. 20 ಮೈಲಿ ದಾಟಿದ ಕೂಡಲೇ ಕಾನೂನಿಗೆ ಅದು ಗಾಲ್ಫ್ ಕಾರ್ಟ್ ಆಗಿ ಉಳಿಯುವುದಿಲ್ಲ. ನೋಂದಣಿ, ವಿಮೆ, ಬೆಲ್ಟ್ ಎಲ್ಲ ಬೇಕಾಗುತ್ತದೆ. ವೇಗ ಹೆಚ್ಚಿಸುವವರು ಬ್ರೇಕನ್ನು ಹಾಗೇ ಬಿಡುತ್ತಾರೆ. ಎತ್ತರ ಮಾಡಿಸುವುದೂ ಬೇಡ. ಮೊದಲೇ ಅಗಲ ಕಡಿಮೆ ಇರುವ ಗಾಡಿ, ಎತ್ತರ ಆದಷ್ಟೂ ತಿರುವಿನಲ್ಲಿ ಉರುಳುವುದು ಸುಲಭ.

ವಿಮೆ ಕಡ್ಡಾಯ ಅಲ್ವಲ್ಲ, ಬೇಕಾ?

ಗಾಲ್ಫ್ ಕಾರ್ಟ್‌ಗೆ ರಾಜ್ಯ ಕಡ್ಡಾಯ ಮಾಡಿಲ್ಲ. ಆದರೂ ಮಾಡಿಸಿ. ಮನೆಯ ವಿಮೆ ನಿಮ್ಮ ಅಂಗಳ ದಾಟಿದ ಮೇಲೆ ಬಾರದೆ ಇರಬಹುದು. ನೀವು ಯಾರಿಗಾದರೂ ಗುದ್ದಿದರೆ ಇಲ್ಲಿನ ಆಸ್ಪತ್ರೆ ಬಿಲ್ಲು ಮನೆ ಮಾರಿಸುವಷ್ಟು ಬರುತ್ತದೆ. ಊರಿಂದ ಬಂದವರು ಓಡಿಸಿದರೂ ಅನ್ವಯ ಆಗುತ್ತದಾ ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.

ಎರಡು ಬಿಯರ್ ಕುಡಿದು ಬಡಾವಣೆ ಒಳಗೇ ಓಡಿಸಿದ್ರೂ ತಪ್ಪಾ?

ತಪ್ಪು. ಕುಡಿದು ಓಡಿಸುವ ಕಾನೂನು ಕಾರ್ಟ್‌ಗೂ ಕಾರಿನಷ್ಟೇ ಅನ್ವಯ. ಬಂಧನ ಆಗುತ್ತದೆ, ದಾಖಲೆಯಲ್ಲಿ ಉಳಿಯುತ್ತದೆ. ವೀಸಾದಲ್ಲಿ ಇರುವವರಿಗೆ ಅದರ ಪೆಟ್ಟು ಇನ್ನೂ ದೊಡ್ಡದು.

ಬಿದ್ದವರು ಎದ್ದು ಚೆನ್ನಾಗೇ ಓಡಾಡ್ತಿದ್ದಾರೆ. ಆಸ್ಪತ್ರೆಗೆ ಹೋಗಲೇಬೇಕಾ?

ತಲೆ ನೆಲಕ್ಕೆ ತಾಗಿದ್ದರೆ ಹೋಗಲೇಬೇಕು. ವಯಸ್ಸಾದವರಿಗೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ, ತಲೆಯೊಳಗೆ ನಿಧಾನವಾಗಿ ರಕ್ತ ಸೋರುತ್ತಿದ್ದರೂ ಮೊದಲ ಕೆಲವು ಗಂಟೆ ಏನೂ ಕಾಣದೆ ಇರಬಹುದು. ವಾಂತಿ, ಜಾಸ್ತಿ ಆಗುತ್ತಾ ಹೋಗುವ ತಲೆನೋವು, ತೊದಲು ಮಾತು, ವಿಪರೀತ ನಿದ್ದೆ, ಒಂದು ಕಡೆ ಬಲಹೀನತೆ ಕಂಡರೆ 911. ಕುತ್ತಿಗೆ ನೋವು ಅಂದರೆ ಎಬ್ಬಿಸಿ ಕೂರಿಸಬೇಡಿ, ಆಂಬುಲೆನ್ಸ್ ಬರುವವರೆಗೆ ಹಾಗೇ ಮಲಗಿರಲಿ. ಅಪ್ಪ ಅಮ್ಮ ಬಂದ ದಿನವೇ ಅವರ ಮಾತ್ರೆಗಳ ಹೆಸರು, ಪ್ರಮಾಣ, ಪ್ರವಾಸ ವಿಮೆಯ ನಂಬರು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಕಾರ್ಟ್‌ನ ಡಬ್ಬಿಯಲ್ಲಿ ಇಡಿ. ನಮ್ಮತ್ತೆಯ ಚೀಟಿ ನಮ್ಮ ಕಾರ್ಟ್‌ನಲ್ಲಿ ಈಗಲೂ ಇದೆ. ಪ್ರತಿ ಸಲ ಅವರು ಬಂದಾಗ ಹೊಸ ಮಾತ್ರೆ ಸೇರಿದ್ದರೆ ತಿದ್ದುತ್ತೇನೆ.